ಶಾಸಕರೇ, ಮೊದಲು ಆ ಲ್ಯಾಬಿನ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಒಬ್ಬ ಮತದಾರ. ಮನೆಗಳ ವೈರಿಂಗ್ ಕೆಲಸ ಮಾಡುತ್ತೇನೆ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಿಮಗೆ ಬರೆಯೋ ಮೊದಲು ಹೆಡ್‌ಮಾಸ್ಟರಿಗೆ ಹೇಳಿದ್ದಾಯಿತು, ಮೇಲಿನ ಕಚೇರಿಗೆ ಅರ್ಜಿ ಕೊಟ್ಟಿದ್ದಾಯಿತು, ನಿಮ್ಮ ಆಪ್ತ ಸಹಾಯಕರನ್ನೂ ಕಂಡಿದ್ದಾಯಿತು. "ಸಾಹೇಬ್ರ ಗಮನಕ್ಕೆ ತರ್ತೀವಿ" ಅಂದರು. ಮಗಳು ಒಂದು ಕ್ಲಾಸು ಪಾಸಾಗಿ ಮುಂದಕ್ಕೆ ಹೋದಳು, ವಿಷಯ ಮಾತ್ರ ಇನ್ನೂ ನಿಮ್ಮ ಗಮನಕ್ಕೆ ಬಂದ ಹಾಗಿಲ್ಲ. ಅದಕ್ಕೇ ನಾಲ್ಕು ಜನ ಓದೋ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳೋದು ಇಷ್ಟೇ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನ ಬೀಗ ತೆಗೆಸಿ. ಅದನ್ನು ನೋಡಿಕೊಳ್ಳೋಕೆ ಒಬ್ಬರನ್ನು ನೇಮಿಸಿ.

ಯೋಜನೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರಿಬ್ಬನ್ ಕತ್ತರಿಸಿದವರು ನೀವೇ ಅಲ್ವಾ. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಶುರು ಮಾಡಿದ್ದು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅರ್ಧ ಸಾಮಾನಿಗೆ, ಇನ್ನರ್ಧ ಐದು ವರ್ಷ ನಡೆಸೋ ಖರ್ಚಿಗೆ. ಆರನೇ ಕ್ಲಾಸಿನಿಂದ ಹನ್ನೆರಡರವರೆಗಿನ ಮಕ್ಕಳು ತಮ್ಮ ಕೈಯಾರೆ ಬಿಚ್ಚಿ, ಜೋಡಿಸಿ, ಕೆಡಿಸಿ ಕಲೀಲಿ ಅಂತ. ಇದೆಲ್ಲ ಭಾಷಣದಲ್ಲಿ ನೀವೇ ಹೇಳಿದ್ದಿರಿ, ಕೆಡಿಸಿ ಕಲಿಯಲಿ ಅನ್ನೋದೊಂದು ಬಿಟ್ಟು. ನಮ್ಮ ಲ್ಯಾಬಿನಲ್ಲಿ ಈವರೆಗೆ ಯಾವ ಸಾಮಾನೂ ಕೆಟ್ಟಿಲ್ಲ. ಯಾರೂ ಮುಟ್ಟದಿದ್ದರೆ ಹೇಗೆ ಕೆಡುತ್ತೆ? ತ್ರೀಡಿ ಪ್ರಿಂಟರ್ ಮೇಲೆ ಬಂದಾಗಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ.

ಇಂಥ ಶಾಲೆಯಿಂದ ಮೂರು ಮಕ್ಕಳು ಪ್ರಾದೇಶಿಕ ರೋಬೋಟಿಕ್ಸ್ ಸ್ಪರ್ಧೆಗೆ ಹೊರಟರು. ನನ್ನ ಮಗಳು, ಅವಳ ಗೆಳತಿ, ಒಬ್ಬ ಹುಡುಗ. ಲ್ಯಾಬ್ ಯಾವಾಗಲೋ ಒಮ್ಮೆ ತೆರೆದಿದ್ದಾಗ ಗಣಿತದ ಮೇಷ್ಟ್ರು ಧೈರ್ಯ ಮಾಡಿ ಒಂದು ಆರ್ಡುಯಿನೋ ಬೋರ್ಡ್ (ರೋಬೋಟಿನ ಮಿದುಳಿನ ಹಾಗೆ ಕೆಲಸ ಮಾಡೋ ಸಣ್ಣ ಸರ್ಕ್ಯೂಟ್), ಎರಡು ಮೋಟಾರ್, ಸೆನ್ಸರುಗಳನ್ನು ಮಕ್ಕಳ ಕೈಗೆ ಕೊಟ್ಟಿದ್ದರು. ಕಪ್ಪು ಗೆರೆ ಹಿಡಿದು ತಾನೇ ಓಡೋ ರೋಬೋಟ್ ಮಾಡಬೇಕು. ಲ್ಯಾಬಿಗೆ ಬೀಗ ಬಿದ್ದ ಮೇಲೆ ಪ್ರಾಕ್ಟೀಸ್ ಎಲ್ಲ ನಮ್ಮ ಮನೆ ನಡುಮನೆಯಲ್ಲೇ.

ಗೆರೆ ಎಳೆಯೋಕೆ ಅಗಲವಾದ ಬಿಳಿ ಹಾಸು ಬೇಕಿತ್ತು. ಎಲ್ಲಿಂದ ತರೋದು? ನಿಮ್ಮ ಹುಟ್ಟುಹಬ್ಬ ಮುಗಿದಿತ್ತು, ಫ್ಲೆಕ್ಸ್ ಒಂದು ಗಾಳಿಗೆ ಬಿದ್ದು ಚರಂಡಿ ಪಕ್ಕದಲ್ಲಿತ್ತು. ತಂದು ತೊಳೆದು ಮಗುಚಿ ಹಾಸಿದೆವು. ಹಿಂಬದಿ ಒಳ್ಳೇ ಬಿಳಿ. ಅದರ ಮೇಲೆ ನನ್ನ ಇನ್ಸುಲೇಶನ್ ಟೇಪಿನಲ್ಲಿ ತಿರುವು, ಕವಲು ಎಲ್ಲ ಮಾಡಿದೆವು. ಬೇಜಾರು ಮಾಡ್ಕೋಬೇಡಿ ಸರ್, ಈ ಸ್ಪರ್ಧೆಗೆ ನಿಮ್ಮ ಕಡೆಯಿಂದ ಮಕ್ಕಳಿಗೆ ಸಿಕ್ಕ ಸಹಾಯ ಅದೊಂದೇ.

ನಾನು ಕೆಲಸ ಮುಗಿಸಿ ಬರೋ ಹೊತ್ತಿಗೆ ನಡುಮನೆ ತುಂಬ ಫ್ಲೆಕ್ಸು, ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಗೋಡೆ ಬದಿಯಲ್ಲಿ ಕೂತು ಊಟ ಮಾಡುತ್ತಿದ್ದೆವು. ಹೆಂಡತಿ ಗೊಣಗಿದಳು, ಆಮೇಲೆ ಅವಳೇ ಟೇಪು ಹಿಡಿದು ಕೂತಳು. ಒಪ್ಪಿಕೊಂಡಿದ್ದ ಎಷ್ಟೋ ಕೆಲಸ ಬಿಟ್ಟು ಈ ಮಕ್ಕಳ ಜೊತೆ ಕೂತೆ. ಒಬ್ಬ ಮೇಸ್ತ್ರಿ ಸಿಟ್ಟಾಗಿ ಬೇರೆಯವರಿಗೆ ಕೆಲಸ ಕೊಟ್ಟ. ದಿನಗೂಲಿಯವನಿಗೆ ಅದು ಏನು ಅಂತ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಬೆಸುಗೆ ಹಾಕೋದು ನಾನು ಹೇಳಿಕೊಟ್ಟೆ. ಪ್ರೋಗ್ರಾಂ ಬರೆಯೋದು ನನಗೆ ತಿಳಿಯದ ವಿದ್ಯೆ, ಅದನ್ನು ಮಕ್ಕಳು ಮೊಬೈಲ್ ನೋಡಿಕೊಂಡು ಕಲಿತರು. ರೋಬೋಟ್ ಕೊನೆಗೂ ಕವಲಿನಲ್ಲಿ ಸರಿಯಾದ ಕಡೆ ತಿರುಗಿದಾಗ ಮೂವರೂ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಂದು ಏನಾಯ್ತು ಅಂತ ಕೇಳಿದರು.

ಈಗ ಅಸಲು ಕತೆಗೆ ಬರುತ್ತೇನೆ. ಸ್ಪರ್ಧೆಗೆ ನಾಲ್ಕು ದಿನ ಇತ್ತು. ಶಾಸಕರು ಶಾಲೆಗೆ ಬರುತ್ತಾರೆ, ಲ್ಯಾಬ್ ನೋಡುತ್ತಾರೆ, ರೋಬೋಟ್ ತಗೊಂಡು ಬನ್ನಿ ಅಂತ ಹೇಳಿ ಕಳಿಸಿದರು. ಬೀಗ ತೆಗೆದರು. ಕಸ ಗುಡಿಸಿದರು. ನೀವು ಬಂದಿರಿ. ರೋಬೋಟನ್ನು ಮೇಜಿನ ಮೇಲಿಟ್ಟು, "ಲೈಟ್ ಉರೀತಾ ಇದ್ರೆ ಫೋಟೋ ಚೆನ್ನಾಗಿ ಬರುತ್ತೆ" ಅಂತ ನಿಮ್ಮ ಜೊತೆಗಿದ್ದವರು ಯಾರೋ ಸ್ವಿಚ್ ಆನ್ ಮಾಡಿಸಿದರು. ನೀವು ನನ್ನ ಮಗಳ ತಲೆ ಸವರಿ "ವಿಜ್ಞಾನಿ ಆಗಮ್ಮ" ಅಂದಿರಿ. ಫೋಟೋ ತುಂಬಾ ಚೆನ್ನಾಗಿ ಬಂದಿದೆ ಸರ್, ನೋಡಿದೆ.

ನಿಮ್ಮ ಕಾರು ಗೇಟು ದಾಟುತ್ತಲೇ ಮಕ್ಕಳನ್ನು ಹೊರಗೆ ಕಳಿಸಿ ಬೀಗ ಹಾಕಿದರು. ರೋಬೋಟ್ ಒಳಗೆ! ಸ್ಟಾಕ್ ರಿಜಿಸ್ಟರಿನಲ್ಲಿರೋ ಸಾಮಾನು, ಇನ್ನು ಹೊರಗೆ ಕೊಡೋ ಹಾಗಿಲ್ಲ ಅಂದರು. ಮೇಷ್ಟ್ರು ಅವತ್ತೇ ಸಂಜೆ ತರಬೇತಿಗೆ ಬೇರೆ ಊರಿಗೆ ಹೋದರು, ಬೀಗದ ಕೈ ಅವರ ಜೊತೆಗೇ ಹೋಯಿತು. ಇನ್ನೊಂದು ಕೀ ಇಲ್ಲ. ಮಕ್ಕಳು ಕಿಟಕಿ ಸರಳು ಹಿಡಿದು ಇಣುಕಿ ನೋಡಿದರು. ಒಳಗೆ ಬೋರ್ಡಿನ ಲೈಟು ಉರೀತಾನೇ ಇತ್ತು. ಮರುದಿನ ನೋಡಿದರೆ ಆರಿಹೋಗಿತ್ತು.

ನನ್ನ ಹತ್ತಿರ ಕಟ್ಟರ್ ಇದೆ, ಬೀಗ ಒಡೀತೀನಿ, ಹೊಸದು ನಾನೇ ತಂದುಕೊಡ್ತೀನಿ ಅಂದೆ. ಸರ್ಕಾರಿ ಆಸ್ತಿ, ಕೇಸ್ ಆಗುತ್ತೆ ಅಂದರು. ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಸಾಹೇಬ್ರು ಮೀಟಿಂಗಲ್ಲಿ. ಮತ್ತೆ ಮಾಡಿದೆ. ಮೀಟಿಂಗ್ ಮುಗಿದಿರಲಿಲ್ಲ.

ಸ್ಪರ್ಧೆಯ ದಿನ ಬೆಳಗಿನ ಜಾವ ಮೇಷ್ಟ್ರು ಬಸ್ಸಿಳಿದು ನೆಟ್ಟಗೆ ಬಂದು ಬಾಗಿಲು ತೆಗೆದರು. ಪಾಪ, ರಾತ್ರಿಯಿಡೀ ನಿದ್ದೆ ಇಲ್ಲ ಅವರಿಗೆ. ಲಿಥಿಯಂ ಸೆಲ್ಲುಗಳು ಪೂರ್ತಿ ಸತ್ತಿದ್ದವು. ತುಂಬಿದಾಗ 4.2 ವೋಲ್ಟ್ ತೋರಿಸೋ ಸೆಲ್ಲು ಅಷ್ಟು ಕೆಳಗೆ ಇಳಿದರೆ ಮತ್ತೆ ಚಾರ್ಜಿಗೆ ಹಾಕೋದೇ ಅಪಾಯ. ಅಷ್ಟು ಹೊತ್ತಿಗೆ ಹೊಸ ಸೆಲ್ಲು ಎಲ್ಲಿ ಸಿಗುತ್ತೆ? ನನ್ನ ಹಳೇ ಟಾರ್ಚಿನಿಂದ ಎರಡು ಕಿತ್ತು ಹಾಕಿಕೊಟ್ಟೆ. ಹಳೇ ಸೆಲ್ಲಿನ ಗುಣ ನಿಮಗೆ ಗೊತ್ತಿರುತ್ತೆ. ಸುಮ್ನೆ ಮೀಟರ್ ಹಿಡಿದರೆ ಭರ್ತಿ ವೋಲ್ಟೇಜ್, ಲೋಡ್ ಬಿದ್ದ ತಕ್ಷಣ ಕುಸಿತ. ಥೇಟ್ ಚುನಾವಣೆ ಆಶ್ವಾಸನೆ.

ಸ್ಪರ್ಧೆಯ ಹಾಲ್‌ನಲ್ಲಿ ಮೇಲಿಂದ ಜೋರು ಬೆಳಕು. ಬೆಳಕು ಬದಲಾದರೆ ಸೆನ್ಸರಿಗೆ ಕಪ್ಪು ಬಿಳುಪು ಗೊಂದಲವಾಗುತ್ತೆ, ಮತ್ತೆ ಹೊಂದಿಸಬೇಕು. ಅದನ್ನು ಮಕ್ಕಳು ಲೆಕ್ಕ ಹಾಕಿಕೊಂಡೇ ಬಂದಿದ್ದರು. ಸಣ್ಣ ಸ್ಕ್ರೂಡ್ರೈವರಿನಲ್ಲಿ ಒಂದೊಂದೇ ಸೆನ್ಸರ್ ತಿರುಗಿಸಿ ಸರಿ ಮಾಡಿಕೊಂಡರು. ಓಟ ಶುರುವಾಯಿತು. ನೇರ ಗೆರೆಯಲ್ಲಿ ಹೋಯಿತು. ತಿರುವಿನಲ್ಲಿ ಮೋಟಾರ್ ಜಾಸ್ತಿ ಕರೆಂಟ್ ಎಳೆಯಿತು, ವೋಲ್ಟೇಜ್ ಬಿತ್ತು, ಬೋರ್ಡ್ ರೀಸೆಟ್ ಆಯಿತು. ನಿಂತಿತು. ಮತ್ತೆ ಹೊರಟಿತು, ಮತ್ತೆ ರೀಸೆಟ್. ಟೈಮ್ ಮುಗೀತು. ಪ್ರಾದೇಶಿಕ ಸುತ್ತು ದಾಟಿದ್ದರೆ ರಾಷ್ಟ್ರ ಮಟ್ಟಕ್ಕೆ ಹೋಗಬಹುದಿತ್ತು. "ಅಪ್ಪಾ, ನಮ್ಮ ಕೋಡ್ ಸರಿಯಾಗೇ ಇತ್ತು" ಅಂತ ಬಸ್ಸಿನಲ್ಲಿ ಊರು ಬರೋವರೆಗೂ ಹೇಳುತ್ತಿದ್ದಳು. ಸರಿಯಾಗೇ ಇತ್ತು ಸರ್. ಕೆಟ್ಟಿದ್ದು ಬೇರೆ.

ಸೋತಿದ್ದಕ್ಕೆ ದೂರು ಹೇಳುತ್ತಿಲ್ಲ. ಸೋಲಲಿ, ಆದರೆ ಬೇರೆ ಮಕ್ಕಳ ರೋಬೋಟಿಗೆ ಸೋಲಲಿ. ಬೀಗಕ್ಕೆ ಯಾಕೆ ಸೋಲಬೇಕು?

ಮೇಷ್ಟ್ರ ಮೇಲೂ ನನಗೆ ಸಿಟ್ಟಿಲ್ಲ, ದಯವಿಟ್ಟು ಈ ಪತ್ರ ನೋಡಿ ಅವರಿಗೆ ನೋಟಿಸ್ ಕೊಡಿಸಬೇಡಿ. ಎಸ್ಎಸ್ಎಲ್‌ಸಿ ಮಕ್ಕಳ ಗಣಿತ ಅವರದೇ, ಮತದಾರರ ಪಟ್ಟಿ ಕೆಲಸವೂ ಅವರದೇ, ಮೇಲೆ ಈ ಲ್ಯಾಬು. ಒಂದು ಸೆನ್ಸರ್ ಕಳೆದರೂ ಆಡಿಟ್‌ನಲ್ಲಿ ಉತ್ತರ ಹೇಳಬೇಕು, ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ. ಬೀಗ ಹಾಕಿಟ್ಟರೆ ಯಾರೂ ಏನೂ ಕೇಳೋದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಅದಕ್ಕೇ ಲ್ಯಾಬಿಗೆ ಅಂತಲೇ ಒಬ್ಬರು ಬೇಕು ಅಂತ ಕೇಳೋದು. ಪಾಲಿಟೆಕ್ನಿಕ್ ಮುಗಿಸಿ ಮನೇಲಿ ಕೂತಿರೋ ಹುಡುಗರು ಎಷ್ಟು ಬೇಕಾದರೂ ಸಿಗುತ್ತಾರೆ.

ಇನ್ನೊಂದು ಮಾತು. ನಡೆಸೋ ಖರ್ಚಿನ ಕಂತು ಬರಬೇಕಾದರೆ ಹಿಂದಿನ ಹಣದ ಬಳಕೆ ಪ್ರಮಾಣಪತ್ರ ಕೊಡಬೇಕು, ಈ ನಿಯಮ ನಿಮಗೆ ಗೊತ್ತೇ ಇದೆ. ಬೀಗ ಹಾಕಿದ ಕೋಣೆಯಲ್ಲಿ ಏನು ಬಳಕೆ ಅಂತ ಬರೆಯುತ್ತಾರೋ, ಒಮ್ಮೆ ತರಿಸಿ ಓದಿ. ನಮಗೂ ಓದೋ ಆಸೆ ಇದೆ.

2025ರ ಕೇಂದ್ರ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಅಂದರು. ಐದು ವರ್ಷದಲ್ಲಂತೆ. ಬರಲಿ, ಸಂತೋಷ. ಅಷ್ಟೂ ಬೀಗಗಳ ಟೆಂಡರ್ ಯಾರಿಗೆ ಸಿಗುತ್ತೋ!

ನಿಮ್ಮ ಶಾಸಕರ ನಿಧಿಯಿಂದ ಒಂದು ರೂಪಾಯಿನೂ ಬೇಡ. ಹೊಸ ಕಟ್ಟಡ ಬೇಡ, ಹೊಸ ಸಾಮಾನು ಬೇಡ. ಲ್ಯಾಬಿನ ಬೀಗ ತೆಗೆಸಿ. ಸ್ಕೂಲ್ ಬಿಟ್ಟ ಮೇಲೆ ಒಂದೆರಡು ಗಂಟೆ, ಶನಿವಾರ ಮಧ್ಯಾಹ್ನ, ಅಷ್ಟು ತೆರೆದಿದ್ದರೂ ಸಾಕು. ಸ್ಪರ್ಧೆಗೆ ಹೋಗೋ ಮಕ್ಕಳಿಗೆ ಅವರೇ ಮಾಡಿದ ರೋಬೋಟನ್ನು ಸಹಿ ಹಾಕಿಸಿಕೊಂಡು ಮನೆಗೆ ಕೊಡಿ ಅಂತ ಒಂದು ಲಿಖಿತ ಆದೇಶ ಕೊಡಿಸಿ, ಮೇಷ್ಟ್ರಿಗೂ ಧೈರ್ಯ ಬರುತ್ತೆ. ಎರಡನೇ ಕೀ ಆಫೀಸಿನಲ್ಲಿ ಇಡಿಸಿ. ಆ ಇನ್ನೊಂದು ಕೀ ಮಾಡಿಸೋ ಖರ್ಚು ನನ್ನದು.

ಮುಂದಿನ ಪ್ರಾದೇಶಿಕ ಸುತ್ತಿಗೆ ಹೆಸರು ಕೊಡೋಕೆ ಶುರುವಾಗೋ ಮೊದಲು ಇದಾಗಬೇಕು. ಮಗಳು ಬರೋ ವರ್ಷ ಹತ್ತನೇ ಕ್ಲಾಸು, ಅವಳಿಗೆ ಈ ಶಾಲೆಯಲ್ಲಿ ಉಳಿದಿರೋದು ಅದೊಂದೇ ಅವಕಾಶ. ನನಗೆ ಉತ್ತರ ಬರೆಯೋ ತೊಂದರೆ ತಗೋಬೇಡಿ, ಪತ್ರವನ್ನು ಸಂಬಂಧಪಟ್ಟವರಿಗೆ ರವಾನಿಸಲಾಗಿದೆ ಅನ್ನೋ ಕಾಗದವಂತೂ ಬೇಡವೇ ಬೇಡ. ಅಂಥದ್ದು ಮನೇಲಿ ಬೇಕಾದಷ್ಟಿದೆ. ಬೀಗ ತೆಗೆಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಪೋಷಕ

ತಾ.ಕ.: ಮುಂದಿನ ಸಲ ಫೋಟೋಗೆ ಬಂದಾಗ, ಹೊರಡೋ ಮುಂಚೆ ರೋಬೋಟಿನ ಸ್ವಿಚ್ ಆಫ್ ಮಾಡೋಕೆ ನಿಮ್ಮ ಹುಡುಗರಿಗೆ ಹೇಳಿ.