ತಕ್ಸಾಂಗ್ ಹತ್ತುವ ಮುಂಚೆ

ಚಿ. ಸೌ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಭೂತಾನಿನ ಟಿಕೆಟ್ಟು, ರಜೆ ಎಲ್ಲ ಓದಿದೆ, ಅದಿರಲಿ. ಕೊನೆಯಲ್ಲಿ ‘ಅಮ್ಮನಿಗೆ ಅರ್ಧ ದಾರಿಯಲ್ಲಿ ಉಸಿರು ಕಟ್ಟಿದರೆ ಏನು ಮಾಡಲಿ ಮಾವ’ ಅಂತ ಬರೆದಿದ್ದೀಯಲ್ಲ, ನಿನ್ನಮ್ಮ ನನಗೆ ಅಕ್ಕ ಅಲ್ಲವೇ, ಎರಡು ದಿನದಿಂದ ಅದೇ ತಲೆಯಲ್ಲಿ ಕೂತಿದೆ.

ನಿನ್ನ ಹೆದರಿಕೆ ಸುಳ್ಳಲ್ಲ. ನೀವೆಲ್ಲ ಟೈಗರ್ಸ್ ನೆಸ್ಟ್ ಅನ್ನುವ ಆ ತಕ್ಸಾಂಗ್ ಬೌದ್ಧ ಮಠ ಸುಮಾರು 3,120 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ 1,930. ಸಾಮಾನ್ಯವಾಗಿ 2,500 ದಾಟಿದ ಮೇಲೆ ತಲೆನೋವು, ವಾಕರಿಕೆ ಕಾಣಿಸಿಕೊಳ್ಳುತ್ತದೆ. ಪಾರೋ ವಿಮಾನ ನಿಲ್ದಾಣವೇ 2,200ರ ಮೇಲಿದೆ. ಇಳಿದ ಮಾರನೆಯ ದಿನವೇ ಬೆಟ್ಟ ಹತ್ತಿಸುವ ಪ್ಯಾಕೇಜ್ ಆದರೆ ಬೇಡ ಅನ್ನು. ಮೊದಲು ಥಿಂಫು, ಪುನಾಖಾ. ತಕ್ಸಾಂಗ್ ಕೊನೆಯ ದಿನಕ್ಕಿರಲಿ.

ಪುನಾಖಾಗೆ ಹೋಗುವಾಗ ದೋಚುಲಾ ಪಾಸ್ ಸಿಗುತ್ತದೆ, 108 ಸ್ತೂಪಗಳ ಜಾಗ. ಎತ್ತರ ಸುಮಾರು 3,100, ಹೆಚ್ಚುಕಡಿಮೆ ಮಠದಷ್ಟೇ. ಬಂದವರು ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀನು ಅಕ್ಕನಿಗೆ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿಸು, ಮಾತಾಡಿಸುತ್ತಾ. ವಾಕ್ಯ ಮುಗಿಯುವ ಮುಂಚೆ ಏದುಸಿರು ಬರುತ್ತಿದೆಯಾ ನೋಡು. ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪುನಾಖಾ ಮತ್ತೆ 1,200ರ ಆಸುಪಾಸಿನ ಬೆಚ್ಚಗಿನ ಊರು. ಫೋ ಛು, ಮೋ ಛು ಎರಡು ನದಿ ಕೂಡುವಲ್ಲಿ 17ನೇ ಶತಮಾನದ ಜೋಂಗ್, ಅಂದರೆ ಕೋಟೆಯಂಥ ಮಠ, ಇದೆ. ನನ್ನ ಕೇಳಿದರೆ ಅಕ್ಕನಿಗೆ ಹಿಡಿಸುವುದು ಅದೇ.

ಇನ್ನು ತಕ್ಸಾಂಗ್ ಬೆಟ್ಟ. ಕುದುರೆ ಸಿಗುತ್ತದೆ, ಆದರೆ ಅರ್ಧ ದಾರಿಯ ಕೆಫೆಟೇರಿಯಾ ಹತ್ತಿರದವರೆಗೆ ಮಾತ್ರ; ಇಳಿಯುವಾಗ ಕೂರಿಸುವುದಿಲ್ಲ. ಅಸಲಿ ಕಷ್ಟ ಆಮೇಲಿನದು. ಮಠ ಎದುರಿಗೇ, ಕೈಗೆಟುಕುವ ಹಾಗೆ ಕಾಣುತ್ತದೆ, ನಡುವೆ ಕಮರಿ. ನೂರಾರು ಮೆಟ್ಟಿಲು ಇಳಿದು, ಜಲಪಾತದ ಹತ್ತಿರದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಹೋಗುವಾಗ ಇಳಿದದ್ದನ್ನೆಲ್ಲ ಬರುವಾಗ ಹತ್ತಬೇಕಲ್ಲ, ಜನ ಸೋಲುವುದು ಅಲ್ಲೇ. ಅದಕ್ಕೇ ಕೆಫೆಟೇರಿಯಾದಲ್ಲೇ ತೀರ್ಮಾನ ಮಾಡು. ಅಲ್ಲಿಂದಲೂ ಮಠ ಚೆನ್ನಾಗಿ ಕಾಣುತ್ತದೆ. 1692ರದು, 1998ರಲ್ಲಿ ಬೆಂಕಿಗೆ ಸಿಕ್ಕು ಮತ್ತೆ ಕಟ್ಟಿದ್ದು.

‘ಇಷ್ಟು ದೂರ ಬಂದಿದ್ದೀವಲ್ಲಮ್ಮ’ ಅಂತ ಮಾತ್ರ ಅನ್ನಬೇಡ. ಬೇರೊಂದು ಬೆಟ್ಟದಲ್ಲಿ ನಾನು ಅಕ್ಕನಿಗೆ ಅಂದಿದ್ದೆ, ಈಗಲೂ ಚುಚ್ಚುತ್ತದೆ.

ತಲೆನೋವಿನ ಜೊತೆ ವಾಂತಿ ಬಂದರೆ ಸುಧಾರಿಸಲಿ ಅಂತ ಕೂರಿಸಬೇಡ, ಕೆಳಗಿಳಿಸು. ಕೂತರೂ ಉಸಿರು ತಹಬಂದಿಗೆ ಬಾರದಿದ್ದರೂ ಅಷ್ಟೇ.

ನಿನಗೆ ಗೊತ್ತಿರಬಹುದು, ಆದರೂ: ಗಡಿಯಲ್ಲಿ ಆಧಾರ್ ನಡೆಯುವುದಿಲ್ಲ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಬೇರೆ. ಬುಡದಲ್ಲೇ ಒಂದು ಊರುಗೋಲು ತಗೊ. ಮಠದ ಬಾಗಿಲಲ್ಲಿ ಚೀಲ, ಮೊಬೈಲು ಎರಡೂ ಇಟ್ಟು ಹೋಗಬೇಕು. ಅಕ್ಕನ ಉಸಿರಾಟದ ಪಂಪು ಚೀಲದಲ್ಲಿ ಬೇಡ, ಜೇಬಿನಲ್ಲಿರಲಿ. ಯಾರಾದರೂ ಎತ್ತರದ ತೊಂದರೆಗೆ ಅಂತ ಡಯಾಮಾಕ್ಸ್ ಮಾತ್ರೆ ಕೊಟ್ಟರೆ ಸುಮ್ಮನೆ ನುಂಗಿಸಬೇಡ. ಅವಳಿಗೆ ಸಲ್ಫಾ ಜಾತಿಯ ಔಷಧಿ ಆಗುವುದಿಲ್ಲ, ಇದೂ ಅದಕ್ಕೆ ಹತ್ತಿರದ್ದೇ; ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳು. ಕೇಳಿದ ಮೇಲೆ ನನಗೊಂದು ಫೋನ್ ಮಾಡು.

ನಿನ್ನ ಮಾವ