ಹಳೆ ಕಂಪ್ಯೂಟರ್ ಮೂಲೆಗೆಸೆಯುವ ಮುಂಚೆ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಕಂಪ್ಯೂಟರಿಗೆ ಒಂಬತ್ತು ವರ್ಷ. ಆನ್ ಮಾಡಿ ಚಾ ಕುಡಿದು ಬಂದರೂ ಕಣ್ಣು ಬಿಡುತ್ತಿರಲಿಲ್ಲ. "ಹೊಸದೇ ತಗೊಳ್ಳಿ ಟೀಚರೇ" ಎಂದರು ಅಂಗಡಿಯವರು. ನಾನು ಕೇಳಲಿಲ್ಲ. ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಬಹಳ ವೇಗವಾಗಿ ಕಡತ ಓದುವ 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆ. ಕೆಲಸ ಮಾಡುವಾಗಿನ ತಾತ್ಕಾಲಿಕ ಮೆಮೊರಿಯಾದ 4 ಜಿಬಿ ರ‍್ಯಾಮ್ 8 ಆಯಿತು. ಮಳೆಗಾಲದ ತೇವಕ್ಕೆ ಹಳೆ ರ‍್ಯಾಮಿನ ಅಂಚು ಕಪ್ಪಾಗಿತ್ತು, ಶಾಲೆಯ ರಬ್ಬರಿನಿಂದ ನಾನೇ ಉಜ್ಜಿದೆ! ಈಗ ಅರ್ಧ ನಿಮಿಷ ಸಾಕು.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಮುಟ್ಟಲಿಲ್ಲ. ಹೊಸ ತಲೆಮಾರಿನದು ಹಾಕಿದರೆ, ಎಲ್ಲ ಭಾಗಗಳು ಕೂರುವ ಮದರ್‌ಬೋರ್ಡೂ ಬದಲಾಗಬೇಕು. ಮೊಮ್ಮಗಳ ಯಕ್ಷಗಾನದ ವಿಡಿಯೋ ನೋಡಲು, ದೊಡ್ಡ ಆಟಗಳಿಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡ್ ಯಾಕೆ, ಅಲ್ವಾ? ಒಂದೇ ತೊಡಕು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಪರಿಷ್ಕರಣೆ, ನಿಂತಿತು; ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದೆ. ಅಂಗಡಿಯವರು ಇದನ್ನೆಲ್ಲ ಮೊದಲೇ ಹೇಳಬಾರದೇ?

– ನಿವೃತ್ತ ಶಿಕ್ಷಕಿ, ಉಡುಪಿ