ಬಡ್ಡಿ ಇಳಿದದ್ದು ಪೇಪರಿನಲ್ಲಿ ಮಾತ್ರ

ಮಾನ್ಯರೆ,

ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 5.25ಕ್ಕೆ ಇಳಿಯಿತು, ಗೃಹಸಾಲದವರಿಗೆ ಇನ್ನು ಹಬ್ಬ ಎಂಬ ಶನಿವಾರದ (ಡಿ. 6, 2025) ಸುದ್ದಿ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆ ಖುಷಿ ಸೋಮವಾರ ಮಧ್ಯಾಹ್ನ ಹನ್ನೆರಡರ ತನಕ ಇತ್ತು.

ಸರ್ಕಲ್ ಪಕ್ಕದ ಬ್ಯಾಂಕಿಗೆ ಹೋಗಿದ್ದೆ. (ಹೆಸರು ಬರೆಯುವುದಿಲ್ಲ, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಬೇಕು.) ಮುಂದಿನ ರಸ್ತೆಯನ್ನು ಒಳಚರಂಡಿಗೆ ಅಂತ ದಸರಾಕ್ಕೆ ಮೊದಲೇ ಅಗೆದು ಹಾಗೇ ಬಿಟ್ಟಿರುವುದು ಎಲ್ಲರಿಗೂ ಗೊತ್ತು. ಸ್ಕೂಟರ್ ಎರಡು ಬೀದಿ ಆಚೆ ನಿಲ್ಲಿಸಿ, ಮಂಡಿ ನೋವಿನಲ್ಲಿ ಹಲಗೆ ದಾಟಿ ಒಳಗೆ ಹೋದರೆ ಟೋಕನ್ 47. ಸಾಲದ ಕೌಂಟರಿನವರು ಟ್ರೈನಿಂಗ್‌ಗೆ ಹೋಗಿದ್ದಾರೆ. ಪಾಸ್‌ಬುಕ್ ಯಂತ್ರ ಕೆಟ್ಟಿದೆ. ಕೆಟ್ಟಿದೆ ಎಂದು ಅಂಟಿಸಿದ ಚೀಟಿಯೇ ಹಳದಿಯಾಗಿ ಹೋಗಿದೆ. ಒಂದೂವರೆ ಗಂಟೆ ಕಾದ ಮೇಲೆ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದರು: ‘ನಿಮ್ಮದು ರೆಪೊ ಲೋನ್ ಅಲ್ಲ ಸಾರ್. 2017ರದ್ದು, ಎಂಸಿಎಲ್‌ಆರ್. ವರ್ಷಕ್ಕೊಂದೇ ಸಲ ದರ ರೀಸೆಟ್. ಮಾರ್ಚ್‌ನಲ್ಲಿ ಬನ್ನಿ.’

ಬ್ಯಾಂಕು ತನ್ನ ಖರ್ಚಿನ ಲೆಕ್ಕ ಹಾಕಿ ತಾನೇ ಗೊತ್ತುಮಾಡುವ ದರ ಎಂಸಿಎಲ್‌ಆರ್; ರೆಪೊ ಲೋನಿನಲ್ಲಾದರೆ ಬಡ್ಡಿ ರೆಪೊ ದರದ ಜೊತೆಗೇ ಏರಿಳಿಯುತ್ತದೆ. ಅಂದರೆ ಫೆಬ್ರವರಿಯಿಂದ ಈಚೆಗೆ ರಿಸರ್ವ್ ಬ್ಯಾಂಕ್ 6.5ರಿಂದ 5.25ಕ್ಕೆ, ಒಂದೂಕಾಲು ಇಳಿಸಿದ್ದರಲ್ಲಿ ನನ್ನ ಪಾಲಿಗೆ ಬಂದದ್ದು ಸೊನ್ನೆ.

ಆದರೆ ನನ್ನ ಹೆಂಡತಿಯ ಎಫ್‌ಡಿ ನವೆಂಬರಿನಲ್ಲಿ ಮುಗಿಯಿತು ನೋಡಿ, ಅದಕ್ಕೆ ಯಾವ ಮಾರ್ಚೂ ಬೇಕಾಗಲಿಲ್ಲ. ಮುಗಿದ ದಿನವೇ ಏಳೂ ಚಿಲ್ಲರೆ ಇದ್ದದ್ದು ಆರೂ ಚಿಲ್ಲರೆಗೆ ಇಳಿದು, ತಾನಾಗಿಯೇ ನವೀಕರಣವಾಗಿ, ಮೊಬೈಲಿಗೆ ಮೆಸೇಜೂ ಬಂತು. ಕೊಡುವ ಕೈ ಎಷ್ಟು ಚುರುಕಾಗಿ ಮಡಚಿಕೊಳ್ಳುತ್ತದೆ ಅಲ್ವಾ!

ಇದನ್ನು ಕೇಳಿದ್ದಕ್ಕೆ ಮ್ಯಾನೇಜರ್ ಸಾಹೇಬರು ಒಳಗೆ ಕರೆದು ಪಾಠ ಮಾಡಿದರು. ಹಳೆಯ ಠೇವಣಿಗಳಿಗೆ ಹಳೆಯ ಬಡ್ಡಿಯನ್ನೇ ಕೊಡುತ್ತಿದ್ದೇವೆ, ಅವು ಮುಗಿಯುವ ತನಕ ನಮ್ಮ ಖರ್ಚು ಇಳಿಯುವುದಿಲ್ಲ ಅಂತ. ಪಾಪ, ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಕಾಮರ್ಸ್ ಹೇಳಿದವನ ಮುಂದೆ ಕೂತಿದ್ದೇವೆ ಅಂತ ಅವರಿಗೆ ಗೊತ್ತಿರಲಿಲ್ಲ. ಎಂಸಿಎಲ್‌ಆರ್‌ನ ಮೊದಲ ‘ಎಂ’ ಅಂದರೆ ಮಾರ್ಜಿನಲ್. ಹಳೆಯ ದುಡ್ಡಿನ ಸರಾಸರಿ ಬಿಟ್ಟು, ಹೊಸದಾಗಿ ತರುವ ದುಡ್ಡಿಗೆ ಎಷ್ಟು ಬೀಳುತ್ತದೆ ಅಂತ ನೋಡಿ ದರ ಹಾಕಿ ಎಂದೇ 2016ರಲ್ಲಿ ಅದನ್ನು ತಂದದ್ದು. ಸರಿ, ಅವರ ಲೆಕ್ಕವನ್ನೇ ಒಪ್ಪೋಣ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ 4ರಿಂದ 6.5ಕ್ಕೆ ಹಾರಿದಾಗಲೂ ನಿಮ್ಮಲ್ಲಿ ಹಳೆಯ ಕಡಿಮೆ ಬಡ್ಡಿಯ ಠೇವಣಿಗಳೇ ತುಂಬಿದ್ದವಲ್ಲ ಸಾರ್, ಆಗ ನನ್ನ ಬಡ್ಡಿ ಯಾಕೆ ಏರಿತು ಎಂದು ಕೇಳಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು.

ಆಗ ಏರಿಸಿದ್ದಾದರೂ ಹೇಗೆ? ಕಂತು ಅಷ್ಟೇ ಇಟ್ಟು ಸಾಲದ ಅವಧಿ ಎಳೆದುಬಿಟ್ಟರು. ನನಗೆ ಗೊತ್ತಾಗಿದ್ದು ವರ್ಷದ ನಂತರ. ಗ್ರಾಹಕನಿಗೆ ತಿಳಿಸಿ, ಕಂತು ಹೆಚ್ಚಿಸಲೋ ಅವಧಿ ಹೆಚ್ಚಿಸಲೋ ಎಂದು ಕೇಳಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ.

ಈಗ ರೆಪೊ ಸಾಲಕ್ಕೆ ಬದಲಾಯಿಸಿಕೊಳ್ಳಬಹುದಂತೆ. ಅದಕ್ಕೊಂದು ಅರ್ಜಿ, ಒಂದು ಶುಲ್ಕ, ಶುಲ್ಕದ ಮೇಲೆ ಜಿಎಸ್‌ಟಿ, ಮತ್ತೆ ಆಧಾರ್, ಮತ್ತೆ ಪ್ಯಾನ್, ಮತ್ತೆ ಫೋಟೊ. ಈ ವರ್ಷ ಕೆವೈಸಿಗೆ ಅಂತ ಕೊಟ್ಟ ನನ್ನ ಮುಖದ ಫೋಟೊಗಳನ್ನು ಸಾಲಾಗಿ ಅಂಟಿಸಿದರೆ ಚುನಾವಣೆಗೆ ನಿಂತಿದ್ದೇನೆ ಅಂದುಕೊಳ್ಳುತ್ತಾರೆ. 2019ರ ಅಕ್ಟೋಬರಿನಿಂದ ಹೊಸ ಸಾಲಗಾರರ ಏರಿಳಿಯುವ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸುವುದು ಕಡ್ಡಾಯ, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಲೇಬೇಕು. ಹಳಬರು ಏನು ಪಾಪ ಮಾಡಿದ್ದೆವು? ಆರು ವರ್ಷದಲ್ಲಿ ಒಂದು ಕಾಗದ ಬರೆದು ತಿಳಿಸಲಿಲ್ಲ. ವಿಮೆ ಮಾಡಿಸಿ ಎಂದು ಮಾತ್ರ ವಾರಕ್ಕೆರಡು ಫೋನ್.

ಬ್ಯಾಂಕಿನವರ ಹತ್ತಿರ ದುಡ್ಡಿಲ್ಲ ಅಂತಲೂ ಅಲ್ಲ. ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿಯಿಲ್ಲದೆ ಇಡಬೇಕಾದ ನಗದು ಮೀಸಲನ್ನು (ಸಿಆರ್‌ಆರ್) ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಶೇ 4ರಿಂದ 3ಕ್ಕೆ ಇಳಿಸಿ, ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಬಿಟ್ಟರು. ಅದರ ಲಾಭ ಯಾರ ಖಾತೆಗೆ ಹೋಯಿತು? ನನ್ನ ಉಳಿತಾಯ ಖಾತೆಗಂತೂ ಅಲ್ಲ, ಅಲ್ಲಿ ಸಿಗುವುದು ಎರಡೂವರೆ ಪರ್ಸೆಂಟು.

ಹಿಂದೆ ಹೀಗಿರಲಿಲ್ಲ. ಉಡುಪಿ, ಮಂಗಳೂರಿನ ಕಡೆಯವರು ಕಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಬ್ಯಾಂಕುಗಳಿದ್ದವು, ನಮ್ಮ ಮೈಸೂರು ಬ್ಯಾಂಕ್ ಇತ್ತು. 2017ರಿಂದ 2020ರೊಳಗೆ ಎಲ್ಲವನ್ನೂ ವಿಲೀನ ಎಂದು ಕರಗಿಸಿದರು. ನಮ್ಮ ಸಂಸದರು ಆಗಲೂ ಬಾಯಿ ಬಿಡಲಿಲ್ಲ, ಈಗಲೂ ಬಿಡುವುದಿಲ್ಲ. ಕೌಂಟರಿನಲ್ಲಿ ಕನ್ನಡ ಬರುವವರನ್ನು ಹುಡುಕಬೇಕು. ಚಲನ್ ಬರೆಯಲು ಇಟ್ಟ ಪೆನ್ನಿನ ದಾರ ಮಾತ್ರ ಗಟ್ಟಿಯಾಗಿದೆ. ಪೆನ್ನು ಇಲ್ಲ.

ರಿಸರ್ವ್ ಬ್ಯಾಂಕಿನವರು ಹಳೆಯ ಸಾಲಗಳನ್ನೆಲ್ಲ ತಾವೇ ರೆಪೊಗೆ ಬದಲಾಯಿಸಲಿ. ಇಲ್ಲವೇ ದರ ಇಳಿಸಿದೆವು ಎಂದು ಟಿ.ವಿ.ಯಲ್ಲಿ ಹೇಳುವುದನ್ನಾದರೂ ನಿಲ್ಲಿಸಲಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು, ಸಂಬಂಧಪಟ್ಟವರು ಅಂತ ಯಾರಾದರೂ ಇದ್ದರೆ. ಪಾಸ್‌ಬುಕ್ ಯಂತ್ರವನ್ನೂ ರಿಪೇರಿ ಮಾಡಿಸಲಿ. ಆ ರಸ್ತೆಯ ಗುಂಡಿಯನ್ನಂತೂ ನಗರಪಾಲಿಕೆಯವರು ನಾನು ಮಾರ್ಚ್‌ನಲ್ಲಿ ಮತ್ತೆ ಹೋಗುವುದರೊಳಗೆ ಮುಚ್ಚಲಿ.

– ನಿವೃತ್ತ ಉಪನ್ಯಾಸಕ, ದಾವಣಗೆರೆ